ಕೋಚ್ ಬದಲಾದ್ರೆ ಕ್ಲಬ್ ಬದಲಾಗತ್ತಾ?



ಇವತ್ತಿನ ವಿಷಯ ಫುಟ್‌ಬಾಲ್. ಫುಟ್‌ಬಾಲ್ ನೋಡದೇ ಇರೋರು ದಯವಿಟ್ಟು ಎದ್ದು ಹೋಗಬೇಡಿ, ಸ್ವಲ್ಪ ಹೊತ್ತಲ್ಲೇ ನಿಮ್ಮ ಆಫೀಸಿನ ಕಥೆಯೂ ಬರತ್ತೆ.

ಪ್ರಶ್ನೆ ಇಷ್ಟೇ. ನಮ್ಮ ತಂಡ ಸಾಲಾಗಿ ಮೂರು ಮ್ಯಾಚ್ ಸೋತಿದೆ. ಅಭಿಮಾನಿಗಳೆಲ್ಲ ಒಂದೇ ಮಾತು ಹೇಳ್ತಿದ್ದಾರೆ: "ಮೊದ್ಲು ಈ ಕೋಚ್‌ನ ಮನೆಗೆ ಕಳಿಸ್ರಿ." ಇಂಗ್ಲೆಂಡಲ್ಲಿ ಅವರನ್ನ ಮ್ಯಾನೇಜರ್ ಅಂತಾರೆ, ನಮ್ಮಲ್ಲಿ ಹೆಡ್ ಕೋಚ್ ಅಂತೀವಿ, ಕುರ್ಚಿ ಒಂದೇ. ಆ ಕುರ್ಚಿಯಲ್ಲಿ ಕೂತವರನ್ನ ಬದಲಾಯಿಸಿದ್ರೆ ಏನಾಗತ್ತೆ? ಮತ್ತೆ, ನಾವು ಅಭಿಮಾನಿಗಳು ಒಂದು ಕ್ಲಬ್‌ನಿಂದ ನಿಜವಾಗಿ ಏನು ನಿರೀಕ್ಷೆ ಮಾಡಬೇಕು?

ಇದಕ್ಕೆ ಮ್ಯಾಂಚೆಸ್ಟರ್‌ವರೆಗೆ ಹೋಗೋದು ಬೇಡ. ಪುಣೆಯಲ್ಲಿರೋ ಕನ್ನಡಿಗರಿಗೆ ಎರಡು ಊರಿನ ಎರಡು ಕ್ಲಬ್ಬುಗಳ ಕಥೆ ಗೊತ್ತಿದೆ. ಒಂದು ನಮ್ಮ ಬೆಂಗಳೂರು ಎಫ್‌ಸಿ. ಇನ್ನೊಂದು ಹಿಂಜವಡಿಯಿಂದ ಹತ್ತಿರದಲ್ಲೇ, ಬಾಲೇವಾಡಿ ಸ್ಟೇಡಿಯಂನಲ್ಲಿ ಆಡ್ತಿದ್ದ ಎಫ್‌ಸಿ ಪುಣೆ ಸಿಟಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ರೆ ಉತ್ತರ ಸಿಗತ್ತೆ.

ಮೊದಲು ಬೆಂಗಳೂರು. ಜೆಎಸ್‌ಡಬ್ಲ್ಯೂ ಸಂಸ್ಥೆ ಈ ಕ್ಲಬ್ ಶುರು ಮಾಡಿದ್ದು 2013ರಲ್ಲಿ. ಕೋಚ್ ಇಂಗ್ಲೆಂಡಿನ ಆಶ್ಲೇ ವೆಸ್ಟ್‌ವುಡ್, ಕ್ಯಾಪ್ಟನ್ ಸುನಿಲ್ ಛೆಟ್ರಿ. ಮೊದಲ ಸೀಸನ್‌ನಲ್ಲೇ, 2014ರಲ್ಲಿ, ಐ-ಲೀಗ್ ಗೆದ್ದರು. 2015ರಲ್ಲಿ ಫೆಡರೇಷನ್ ಕಪ್. 2016ರಲ್ಲಿ ಮತ್ತೆ ಐ-ಲೀಗ್. 2017ರಲ್ಲಿ ಮತ್ತೆ ಫೆಡರೇಷನ್ ಕಪ್. 2018ರಲ್ಲಿ ಸೂಪರ್ ಕಪ್. 2019ರಲ್ಲಿ ಐಎಸ್‌ಎಲ್. ಆರು ವರ್ಷ, ಆರು ಕಪ್. ವರ್ಷಕ್ಕೊಂದರ ಹಾಗೆ, ಒಂದು ವರ್ಷವೂ ತಪ್ಪಿಲ್ಲ.

ಅದೇ ಬೆಂಗಳೂರಲ್ಲಿ ಇನ್ನೊಂದು ತಂಡ ಇದೆ, ಹೆಸರು ಹೇಳೋದೇ ಬೇಡ. ಆರ್‌ಸಿಬಿ ಹುಡುಗರು ಮೊದಲ ಐಪಿಎಲ್ ಕಪ್ ಎತ್ತಿದ್ದು 2025ರಲ್ಲಿ, 18ನೇ ಸೀಸನ್‌ನಲ್ಲಿ. ಅಲ್ಲಿವರೆಗೂ ಪ್ರತಿ ವರ್ಷ "ಈ ಸಲ ಕಪ್ ನಮ್ದೇ" ಅಂತ ಹೇಳ್ತಾ, ಸೋತ ಮೇಲೆ ನಮ್ಮನ್ನ ನಾವೇ ತಮಾಷೆ ಮಾಡ್ಕೊಂಡು, ಮುಂದಿನ ವರ್ಷ ಮತ್ತೆ ಅದೇ ಜೆರ್ಸಿ ಹಾಕ್ಕೊಂಡ್ವಿ. ಒಂದೇ ಊರು, ಎಷ್ಟೋ ಮನೆಗಳಲ್ಲಿ ಒಬ್ಬನೇ ಅಭಿಮಾನಿ. ಆದರೆ ಕ್ರಿಕೆಟ್ ತಂಡಕ್ಕೆ 17 ವರ್ಷ ಕಾದವನು ಫುಟ್‌ಬಾಲ್ ತಂಡಕ್ಕೆ ಮೂರು ಮ್ಯಾಚ್ ಕಾಯೋದಿಲ್ಲ.

ಯಾಕೆ ಹೀಗೆ? ಯಾಕಂದ್ರೆ ನಿರೀಕ್ಷೆ ಅನ್ನೋದು ಮೊದಲು ಸಿಕ್ಕ ರುಚಿ ಮೇಲೆ ನಿಂತಿರತ್ತೆ. ಕೆಲಸಕ್ಕೆ ಸೇರಿದ ಮೊದಲ ಆರು ವರ್ಷ ಪ್ರತಿ ವರ್ಷ ಪ್ರಮೋಷನ್ ಸಿಕ್ಕಿದ್ರೆ, ಏಳನೇ ವರ್ಷ ಬರೀ ಇನ್‌ಕ್ರಿಮೆಂಟ್ ಸಿಕ್ಕಾಗ ಅವಮಾನ ಆದಂಗೆ ಅನ್ಸತ್ತೆ. ವೆಸ್ಟ್ ಬ್ಲಾಕ್‌ನಲ್ಲಿ ನಿಂತು ಕೂಗೋರಿಗೆ ಆಗಿದ್ದೂ ಅದೇ.

ಈಗ ಆ ಆರು ವರ್ಷಗಳನ್ನ ಸ್ವಲ್ಪ ಹತ್ತಿರದಿಂದ ನೋಡೋಣ. ಕಪ್‌ಗಳ ಪಟ್ಟಿ ನೋಡಿದ್ರೆ ಸೋಲೇ ಇರಲಿಲ್ಲ ಅನ್ಸತ್ತೆ. ಹಾಗೇನಿಲ್ಲ. 2015ರ ಮೇ 31, ಕಂಠೀರವ ಸ್ಟೇಡಿಯಂ, ಐ-ಲೀಗ್‌ನ ಕೊನೇ ಮ್ಯಾಚ್. ಎದುರಾಳಿ ಮೋಹನ್ ಬಾಗಾನ್, ಅವರಿಗೆ ಡ್ರಾ ಆದ್ರೆ ಸಾಕು, ನಾವು ಗೆಲ್ಲಲೇಬೇಕು. ಬೆಂಗಳೂರು ಒಂದು ಗೋಲು ಮುಂದಿತ್ತು. ಕೊನೇ ನಿಮಿಷಗಳಲ್ಲಿ ಬೆಲ್ಲೊ ರಜಾಕ್ ಹೆಡರ್ ಹೊಡೆದ, 1-1 ಆಯ್ತು, ಪ್ರಶಸ್ತಿ ನಮ್ಮ ಮನೆಯಿಂದಲೇ ಕೋಲ್ಕತ್ತಾಗೆ ಹೋಯ್ತು. ಅವತ್ತು ಯಾರೂ ವೆಸ್ಟ್‌ವುಡ್‌ನ ಕಳಿಸಲಿಲ್ಲ. ಮರು ವರ್ಷ ಅವರೇ ಲೀಗ್ ಗೆದ್ದು ಕೊಟ್ಟರು.

ಅವರು ಹೋದ ಮೇಲೆ 2016ರಲ್ಲಿ ಆಲ್ಬರ್ಟ್ ರೋಕಾ ಬಂದ್ರು. ಬಾರ್ಸಿಲೋನಾದಲ್ಲಿ ಫ್ರಾಂಕ್ ರೈಕಾರ್ಡ್ ಕೈಕೆಳಗೆ ಸಹಾಯಕ ಕೋಚ್ ಆಗಿದ್ದವರು. ಆ ವರ್ಷವೇ ತಂಡ ಎಎಫ್‌ಸಿ ಕಪ್ ಫೈನಲ್ ತಲುಪಿತು, ಭಾರತದ ಯಾವ ಕ್ಲಬ್ಬೂ ಅಲ್ಲಿವರೆಗೆ ಹೋಗಿರಲಿಲ್ಲ. ದೋಹಾದಲ್ಲಿ ಇರಾಕಿನ ಏರ್ ಫೋರ್ಸ್ ಕ್ಲಬ್ ಎದುರು 1-0ರಿಂದ ಸೋತರು. ಆಮೇಲೆ ಐ-ಲೀಗ್‌ನಲ್ಲಿ 4ನೇ ಸ್ಥಾನಕ್ಕೆ ಇಳಿದರು. ಚಾಂಪಿಯನ್ ತಂಡ 4ನೇ ಸ್ಥಾನ! ರೋಕಾ ಉಳಿದರು. ಮುಂದಿನ ಸೀಸನ್, ಐಎಸ್‌ಎಲ್‌ನ ಮೊದಲ ವರ್ಷ, 18 ಮ್ಯಾಚ್‌ನಲ್ಲಿ 40 ಅಂಕ, ಎರಡನೇ ಸ್ಥಾನದವರಿಗಿಂತ 8 ಅಂಕ ಮುಂದೆ. ಫೈನಲ್‌ನಲ್ಲಿ ಮಾತ್ರ ತವರಲ್ಲೇ ಚೆನ್ನೈಯಿನ್ ಎದುರು 3-2ರಿಂದ ಸೋತರು.

2018ರಲ್ಲಿ ರೋಕಾ ಹೊರಟಾಗ ಕ್ಲಬ್ ಹೊರಗಿಂದ ದೊಡ್ಡ ಹೆಸರು ತರಲಿಲ್ಲ. ಅವರ ಪಕ್ಕದಲ್ಲೇ ಕೂತಿದ್ದ ಸಹಾಯಕ ಕಾರ್ಲೆಸ್ ಕ್ವಾಡ್ರಾಟ್‌ಗೆ ಕುರ್ಚಿ ಕೊಟ್ಟರು. 2019ರ ಮಾರ್ಚ್ 17ರಂದು ಮುಂಬೈಯಲ್ಲಿ ಗೋವಾ ಎದುರು ಫೈನಲ್, 117ನೇ ನಿಮಿಷದಲ್ಲಿ ರಾಹುಲ್ ಭೇಕೆ ಹೆಡರ್. ಲೀಗ್ ಟೇಬಲ್‌ನಲ್ಲಿ ಮೊದಲ ಸ್ಥಾನ, ಮೇಲೆ ಕಪ್ಪು ಕೂಡ.

ಗಮನಿಸಿ. 2013ರ ಜುಲೈಯಿಂದ 2021ರ ಜನವರಿವರೆಗೆ, ಏಳೂವರೆ ವರ್ಷಕ್ಕೆ ಮೂರೇ ಕೋಚ್. ಆಮೇಲೆ ಮೂರು ವರ್ಷದಲ್ಲಿ ಐದು ಜನ: ಹಂಗಾಮಿಯಾಗಿ ನೌಶಾದ್ ಮೂಸಾ, ಜರ್ಮನಿಯ ಮಾರ್ಕೊ ಪೆಜ್ಜಾಯುವೋಲಿ, ಇಂಗ್ಲೆಂಡಿನ ಸೈಮನ್ ಗ್ರೇಸನ್, ಮತ್ತೆ ಹಂಗಾಮಿಯಾಗಿ ರೆನೆಡಿ ಸಿಂಗ್, ಕೊನೆಗೆ ಜೆರಾರ್ಡ್ ಜರಗೋಜಾ. ಈ ಎರಡನೇ ಅವಧಿಯಲ್ಲಿ ಬಂದ ದೊಡ್ಡ ಕಪ್ 2022ರ ಡ್ಯುರಾಂಡ್ ಒಂದೇ.

"ಸರಿ, ತಂಡ ಕೆಟ್ಟಿತ್ತು, ಅದಕ್ಕೇ ಕೋಚ್ ಬದಲಾಯಿಸಿದ್ರು. ನೀವು ಕಾರಣ ಮತ್ತೆ ಪರಿಣಾಮನ ಉಲ್ಟಾ ಮಾಡ್ತಿದೀರಿ" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದಕ್ಕೆ ಇದೇ ಕ್ಲಬ್ಬಿನ ಎರಡು ಸೀಸನ್‌ಗಳನ್ನ ತಗೊಂಡು ಲೆಕ್ಕ ಹಾಕೋಣ.

ಮೊದಲನೇದು 2020-21. ಕೋವಿಡ್ ಕಾಲ, ಎಲ್ಲ ಮ್ಯಾಚುಗಳೂ ಗೋವಾದಲ್ಲಿ, ಖಾಲಿ ಸ್ಟೇಡಿಯಂನಲ್ಲಿ. ಬೆಂಗಳೂರು ಮೊದಲ 9 ಮ್ಯಾಚ್‌ನಲ್ಲಿ 3 ಗೆಲುವು, 3 ಡ್ರಾ, 3 ಸೋಲು. ಒಟ್ಟು 12 ಅಂಕ. ಆ ಮೂರು ಸೋಲು ಸಾಲಾಗಿ ಬಂದವು. ಜನವರಿ 6ಕ್ಕೆ ಕ್ವಾಡ್ರಾಟ್ ಹೊರಗೆ. ಉಳಿದ 11 ಮ್ಯಾಚ್‌ನಲ್ಲಿ ಬಂದಿದ್ದು 10 ಅಂಕ. 7ನೇ ಸ್ಥಾನ. ಅಂದ್ರೆ ಕೋಚ್ ಇದ್ದಾಗ ಮ್ಯಾಚ್‌ಗೆ 1.33 ಅಂಕ, ಕಳಿಸಿದ ಮೇಲೆ 0.91.

ಎರಡನೇದು 2022-23. ಗ್ರೇಸನ್ ಕೋಚ್. ಮೊದಲ 12 ಮ್ಯಾಚ್‌ನಲ್ಲಿ 3 ಗೆಲುವು, 1 ಡ್ರಾ, 8 ಸೋಲು. 10 ಅಂಕ. ಕ್ವಾಡ್ರಾಟ್‌ಗಿಂತ ತುಂಬಾ ಕೆಟ್ಟ ಸ್ಥಿತಿ. ಈ ಸಲ ಕ್ಲಬ್ ಕಾದಿತು. ಉಳಿದ 8 ಮ್ಯಾಚ್‌ನಲ್ಲಿ 8 ಗೆಲುವು. 24ಕ್ಕೆ 24 ಅಂಕ. ಪ್ಲೇ ಆಫ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ಎದುರು ಛೆಟ್ರಿ ಹೊಡೆದ ಆ ದಿಢೀರ್ ಫ್ರೀ ಕಿಕ್, ಅವರು ಮೈದಾನ ಬಿಟ್ಟು ಹೋಗಿದ್ದು ನಿಮಗೆ ನೆನಪಿರಬೇಕು. ಸೆಮಿಫೈನಲ್‌ನಲ್ಲಿ ಮುಂಬೈನ ಪೆನಾಲ್ಟಿಯಲ್ಲಿ 9-8ರಿಂದ ದಾಟಿ ಫೈನಲ್‌ವರೆಗೆ ಹೋದರು.

ಕೋಚ್‌ನ ಉಳಿಸಿಕೊಂಡಿದ್ದಕ್ಕೇ ಗೆದ್ದರು ಅಂತ ನಾನು ಹೇಳ್ತಿಲ್ಲ. ಎರಡು ಉದಾಹರಣೆ ಇಟ್ಕೊಂಡು ಸಿದ್ಧಾಂತ ಕಟ್ಟಿದ್ರೆ ನಮ್ಮ ಡೇಟಾ ಸೈನ್ಸ್ ಗೆಳೆಯರು ಹೊಡೀತಾರೆ. ಆದರೆ ಇದರ ಹಿಂದೆ ಒಂದು ಹಳೇ ಲೆಕ್ಕ ಇದೆ, ಸರಾಸರಿಗೆ ಮರಳೋದು ಅಂತ. ಒಂದು ತಂಡ ತನ್ನ ನಿಜವಾದ ಯೋಗ್ಯತೆಗಿಂತ ಕೆಳಗೆ ಬಿದ್ದಿದ್ರೆ, ಯಾರೂ ಏನೂ ಮಾಡದೇ ಇದ್ರೂ ಸ್ವಲ್ಪ ಮೇಲೆ ಬರೋ ಸಾಧ್ಯತೆ ಜಾಸ್ತಿ. ನೆಗಡಿಗೆ ಔಷಧಿ ತಗೊಂಡ್ರೆ ಒಂದು ವಾರ, ತಗೊಳ್ಳದಿದ್ರೆ ಏಳು ದಿನ ಅಂತಾರಲ್ಲ, ಹಾಗೆ. ಕೋಚ್‌ನ ಕಳಿಸೋದು ಯಾವಾಗಲೂ ತಂಡ ತಳ ಮುಟ್ಟಿದಾಗ. ಆಮೇಲೆ ಒಂದೆರಡು ಗೆದ್ದರೆ ಹೊಸ ಕೋಚ್‌ಗೆ ಹೂವಿನ ಹಾರ. ನೆಗಡಿ ತಾನಾಗೇ ಹೋಯ್ತಾ, ಮಾತ್ರೆಯಿಂದ ಹೋಯ್ತಾ ಅಂತ ಯಾರೂ ಕೇಳಲ್ಲ.

ಇದನ್ನ ಗಂಭೀರವಾಗಿ ಪರೀಕ್ಷೆ ಮಾಡಿದವರಿದ್ದಾರೆ. ನೆದರ್ಲೆಂಡ್ಸ್‌ನ ಅರ್ಥಶಾಸ್ತ್ರಜ್ಞ ಬಾಸ್ ಟರ್ ವೇಲ್ ಅಲ್ಲಿನ ಲೀಗ್‌ನ 1986ರಿಂದ 2004ರವರೆಗಿನ ದಾಖಲೆ ತೆಗೆದು, ಕೋಚ್ ಕಳಿಸಿದ ತಂಡಗಳನ್ನ, ಅಷ್ಟೇ ಕೆಟ್ಟದಾಗಿ ಆಡಿಯೂ ಕೋಚ್‌ನ ಉಳಿಸಿಕೊಂಡ ತಂಡಗಳ ಜೊತೆ ಹೋಲಿಸಿದರು. ಎರಡೂ ಗುಂಪು ಚೇತರಿಸಿಕೊಂಡಿದ್ದವು. ಕಳಿಸಿದವರಿಗೆ ಅದರಿಂದ ವಿಶೇಷ ಲಾಭ ಆಗಿರಲಿಲ್ಲ.

ಹಾಗಂತ ಬದಲಾವಣೆ ಯಾವತ್ತೂ ಕೆಲಸ ಮಾಡಲ್ಲ ಅಂತಲ್ಲ. ಕ್ವಾಡ್ರಾಟ್ ಹೋದ ಅದೇ 2021ರ ಜನವರಿಯಲ್ಲೇ ಚೆಲ್ಸೀ ಕೂಡ ಫ್ರಾಂಕ್ ಲ್ಯಾಂಪಾರ್ಡ್‌ನ ಕಳಿಸಿತು. ನಾಲ್ಕು ತಿಂಗಳಲ್ಲಿ ಥಾಮಸ್ ಟುಕೆಲ್ ಚಾಂಪಿಯನ್ಸ್ ಲೀಗ್ ಗೆದ್ದರು. ವ್ಯತ್ಯಾಸ ಎಲ್ಲಿದೆ? ಚೆಲ್ಸೀಯಲ್ಲಿ ದುಡ್ಡು ಸುರಿದು ಕಟ್ಟಿದ ತಂಡ ಆಗಲೇ ಇತ್ತು, ಲ್ಯಾಂಪಾರ್ಡ್ ಹೋದ ಮರುದಿನವೇ ಟುಕೆಲ್ ಕುರ್ಚಿಯಲ್ಲಿದ್ದರು. ಮುಂದೇನು ಅಂತ ಮೊದಲೇ ಗೊತ್ತಿತ್ತು. ಬೆಂಗಳೂರಲ್ಲಿ ಸೀಸನ್ ಅರ್ಧದಲ್ಲಿ ಕೋಚ್ ಹೋದ್ರು, ಕೊನೇವರೆಗೆ ಹಂಗಾಮಿ ವ್ಯವಸ್ಥೆಯೇ ನಡೀತು. ಒಂದರಲ್ಲಿ ಯೋಜನೆ ಇತ್ತು, ಇನ್ನೊಂದರಲ್ಲಿ ಬರೀ ಕೋಪ ಇತ್ತು.

ಇನ್ನೊಂದು ವಿಷಯ ಮರೀತೀವಿ. 2019ರ ನಂತರ ನಮ್ಮ ತಂಡ ಮಾತ್ರ ಬದಲಾಗಲಿಲ್ಲ, ಎದುರಾಳಿಗಳೂ ಬದಲಾದರು. 2019ರ ನವೆಂಬರ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿಯ ಮಾಲೀಕ ಸಂಸ್ಥೆ ಮುಂಬೈ ಸಿಟಿಯ ಬಹುಪಾಲು ಕೊಂಡಿತು. 2020ರಲ್ಲಿ ಎಟಿಕೆ ಮತ್ತು ಮೋಹನ್ ಬಾಗಾನ್ ಒಂದಾದವು. ಬೆಂಗಳೂರು 2013ರಲ್ಲಿ ತಂದ ವೃತ್ತಿಪರತೆ ಆಗ ಹೊಸದು. ಏಳು ವರ್ಷದಲ್ಲಿ ಅದು ಎಲ್ಲರ ಹತ್ತಿರವೂ ಬಂತು. ಓಡೋರು ಜಾಸ್ತಿಯಾದಾಗ ನಮ್ಮ ವೇಗ ಅಷ್ಟೇ ಇದ್ರೂ ಸ್ಥಾನ ಇಳಿಯತ್ತೆ. ಆ ಸಿಟ್ಟು ಕೋಚ್ ತಲೆ ಮೇಲೆ ಬೀಳತ್ತೆ.

ಕ್ವಾಡ್ರಾಟ್ ಕಥೆ ಮುಂದೇನಾಯ್ತು ಗೊತ್ತಾ? 2023ರಲ್ಲಿ ಈಸ್ಟ್ ಬೆಂಗಾಲ್‌ಗೆ ಹೋದರು. 2024ರ ಜನವರಿಯಲ್ಲಿ ಒಡಿಶಾವನ್ನ ಸೋಲಿಸಿ ಸೂಪರ್ ಕಪ್ ಗೆದ್ದು ಕೊಟ್ಟರು, ಆ ಹಳೇ ಕ್ಲಬ್ ವರ್ಷಗಟ್ಟಲೆ ಕಾದಿದ್ದ ರಾಷ್ಟ್ರೀಯ ಪ್ರಶಸ್ತಿ ಅದು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಐಎಸ್‌ಎಲ್‌ನ ಮೊದಲ ಮೂರು ಮ್ಯಾಚ್ ಸೋತರು. ಕುರ್ಚಿ ಬಿಟ್ಟರು. ಬೆಂಗಳೂರಲ್ಲೂ ಮೂರು, ಕೋಲ್ಕತ್ತಾದಲ್ಲೂ ಮೂರು.

ಹಾಗಾದ್ರೆ ಮ್ಯಾನೇಜ್‌ಮೆಂಟ್‌ನವರಿಗೆ ಇದೆಲ್ಲ ಗೊತ್ತಿಲ್ವಾ? ಗೊತ್ತಿದೆ. ಆದರೆ ಅವರ ಜಾಗದಲ್ಲಿ ನಿಂತು ನೋಡಿ. ಸೀಸನ್ ಮಧ್ಯದಲ್ಲಿ 25 ಆಟಗಾರರನ್ನ ಬದಲಾಯಿಸೋಕಾಗಲ್ಲ. ತಪ್ಪು ಆಟಗಾರರನ್ನ ಆರಿಸಿದವರು ತಮ್ಮನ್ನ ತಾವು ಕಳಿಸಲ್ಲ. ಮಾಲೀಕರಂತೂ ಹೋಗಲ್ಲ. ಉಳಿದವರು ಒಬ್ಬರೇ. ಆಫೀಸಲ್ಲೂ ಇದೇ ತಾನೆ? ಡೆಡ್‌ಲೈನ್ ಕೊಟ್ಟವರು ಬೇರೆ, ಜನ ಕಡಿಮೆ ಮಾಡಿದವರು ಬೇರೆ, ರಿಲೀಸ್ ತಡ ಆದಾಗ ಪ್ರಾಜೆಕ್ಟ್ ಮ್ಯಾನೇಜರ್ ಬದಲು. ಕ್ಲೈಂಟ್‌ಗೆ ಒಂದು ಮೇಲ್ ಹೋಗತ್ತೆ, "ಕ್ರಮ ತಗೊಂಡಿದೀವಿ" ಅಂತ. ಕೋಡ್ ಹಾಗೇ ಇರತ್ತೆ.

ಕೇರಳದಲ್ಲಿ 2024ರ ಡಿಸೆಂಬರ್‌ನಲ್ಲಿ ನಡೆದಿದ್ದು ಇದಕ್ಕೆ ಒಳ್ಳೇ ಉದಾಹರಣೆ. ಬ್ಲಾಸ್ಟರ್ಸ್ ಅಭಿಮಾನಿ ಬಳಗ ಮಂಜಪ್ಪಡ ಟಿಕೆಟ್ ಕೊಳ್ಳಲ್ಲ ಅಂತ ಪ್ರತಿಭಟನೆಗೆ ಇಳೀತು. ಅವರ ಸಿಟ್ಟು ಇದ್ದಿದ್ದು ಮ್ಯಾನೇಜ್‌ಮೆಂಟ್ ಮೇಲೆ. ಕ್ಲಬ್ ಕಳಿಸಿದ್ದು ಕೋಚ್ ಮಿಕೇಲ್ ಸ್ಟಾರೆಯನ್ನ.

ಈಗ ಪುಣೆಗೆ ಬರೋಣ. ನನ್ನ ಮಾತಿನ ಮುಖ್ಯ ಭಾಗ ಇದೇ.

ಎಫ್‌ಸಿ ಪುಣೆ ಸಿಟಿ ಐಎಸ್‌ಎಲ್ ಶುರುವಾದ 2014ರಿಂದ ಇತ್ತು. ಮೊದಲ ವರ್ಷ ಇಟಲಿಯ ಫ್ರಾಂಕೊ ಕೊಲೊಂಬಾ. 2015ಕ್ಕೆ ಇಂಗ್ಲೆಂಡಿನ ಹಳೇ ತಾರೆ ಡೇವಿಡ್ ಪ್ಲಾಟ್. 2016ಕ್ಕೆ ಆಂಟೋನಿಯೊ ಹಬಾಸ್. 2017-18ಕ್ಕೆ ಸರ್ಬಿಯಾದ ರಾಂಕೊ ಪೊಪೊವಿಚ್. ಅವರ ಕೈಯಲ್ಲಿ ತಂಡ ಮೊದಲ ಸಲ ಸೆಮಿಫೈನಲ್ ತಲುಪಿತು. ಎದುರಾಳಿ ಯಾರು? ನಮ್ಮ ಬೆಂಗಳೂರು! ಬಾಲೇವಾಡಿಯಲ್ಲಿ 0-0, ಕಂಠೀರವದಲ್ಲಿ ಛೆಟ್ರಿ ಹ್ಯಾಟ್ರಿಕ್, 3-1. ಪುಣೆಯ ಕನ್ನಡಿಗರು ಯಾವ ಕಡೆ ಕೂಗಬೇಕು ಅಂತ ಒದ್ದಾಡಿದ ವಾರ ಅದು.

ಅಷ್ಟು ಚೆನ್ನಾಗಿ ಆಡಿದ ಮೇಲೂ ಮುಂದಿನ ಸೀಸನ್‌ಗೆ ಹೊಸ ಕೋಚ್, ಮಿಗೆಲ್ ಏಂಜೆಲ್ ಪೋರ್ಚುಗಲ್. ಹೆಸರು ಪೋರ್ಚುಗಲ್, ದೇಶ ಸ್ಪೇನ್. 2018ರ ಅಕ್ಟೋಬರ್ 22ರಂದು ಬಾಲೇವಾಡಿಯಲ್ಲೇ ಬೆಂಗಳೂರು ಎದುರು 3-0 ಸೋಲು. ಆ ವಾರವೇ ಅವರು ಹೊರಗೆ, ಆಡಿದ್ದು ಮೂರೇ ಮ್ಯಾಚ್. ಹಂಗಾಮಿಯಾಗಿ ಪ್ರದ್ಯುಮ್ ರೆಡ್ಡಿ, ಆಮೇಲೆ ಹಲ್ ಸಿಟಿಯಲ್ಲಿ ಹೆಸರು ಮಾಡಿದ್ದ ಫಿಲ್ ಬ್ರೌನ್. ಐದು ಸೀಸನ್‌ಗೆ ಏಳು ಜನ. ಪ್ರತಿ ಸಲವೂ ಅದೇ ಚರ್ಚೆ: ಇವರಾದ್ರೂ ಸರಿ ಮಾಡ್ತಾರಾ? ಸ್ಟ್ಯಾಂಡಲ್ಲಿ ಆರೆಂಜ್ ಆರ್ಮಿ ಹುಡುಗರು ಡೋಲು ಬಾರಿಸ್ತಾ ಪ್ರತಿಯೊಬ್ಬರನ್ನೂ ಸ್ವಾಗತ ಮಾಡಿದ್ರು.

2019ರಲ್ಲಿ ಆ ಪ್ರಶ್ನೆಯೇ ಉಳಿಯಲಿಲ್ಲ. ಮಾಲೀಕರಿಗೆ ಹಣಕಾಸಿನ ತೊಂದರೆ, ಕ್ಲಬ್ ಮುಚ್ಚಿತು. ಲೀಗ್‌ನಲ್ಲಿದ್ದ ಅದರ ಜಾಗ ಹೈದರಾಬಾದ್‌ಗೆ ಹೋಯ್ತು, ಫಿಲ್ ಬ್ರೌನ್ ಕೂಡ ಅಲ್ಲಿಗೇ ಹೋದರು. ಕೋಚ್‌ಗೆ ಹೊಸ ಊರು ಸಿಕ್ಕಿತು, ಅಭಿಮಾನಿಗೆ ಸಿಗಲಿಲ್ಲ. ಆ ಹೈದರಾಬಾದ್ ಎಫ್‌ಸಿ 2022ರಲ್ಲಿ ಐಎಸ್‌ಎಲ್ ಗೆದ್ದಿತು. 2025ರಲ್ಲಿ ಅದೂ ಊರು ಬಿಟ್ಟು ದೆಹಲಿಗೆ ಹೋಗಿ ಹೆಸರು ಬದಲಾಯಿಸಿಕೊಂಡಿತು. ಅಂದ್ರೆ ಕಪ್ ಗೆದ್ದ ಊರಿಗೂ ಗ್ಯಾರಂಟಿ ಇಲ್ಲ.

ಪುಣೆಗೆ ಇದು ಮೊದಲ ಸಲವೂ ಅಲ್ಲ. 2012-13ರ ಐ-ಲೀಗ್‌ನಲ್ಲಿ ಡೆರಿಕ್ ಪೆರೇರಾ ಕೈಕೆಳಗೆ ಎರಡನೇ ಸ್ಥಾನಕ್ಕೆ ಬಂದಿದ್ದ ಪುಣೆ ಎಫ್‌ಸಿ, ಒಂದೇ ಸೀಸನ್ ಆಡಿದ ಭಾರತ್ ಎಫ್‌ಸಿ, ಎರಡೂ 2015ರಲ್ಲಿ ಐ-ಲೀಗ್‌ನಿಂದ ಹೊರನಡೆದವು. ನಾಲ್ಕು ವರ್ಷದ ಒಳಗೆ ಒಂದೇ ಊರಲ್ಲಿ ಮೂರು ಕ್ಲಬ್. ಬಾಲೇವಾಡಿ ಸ್ಟೇಡಿಯಂ ಈಗಲೂ ಬೆಂಗಳೂರಿಗೆ ಹೋಗೋ ಹೈವೇ ಪಕ್ಕದಲ್ಲೇ ಇದೆ. ಹಬ್ಬಕ್ಕೆ ಊರಿಗೆ ಹೋಗೋ ಬಸ್ಸು ಅದರ ಮುಂದೇನೇ ಹಾದು ಹೋಗತ್ತೆ. ಐಎಸ್‌ಎಲ್‌ನಲ್ಲಿ ಪುಣೆಯ ಹೆಸರಿಲ್ಲ.

ಬೆಂಗಳೂರಿಗೆ ಹಾಗಾಗಲ್ಲ ಬಿಡಿ ಅಂತ ನಾವು ಅಂದ್ಕೊಂಡಿದ್ವಿ. 2025ರ ಏಪ್ರಿಲ್ 12ರಂದು ಜರಗೋಜಾ ತಂಡ ಕೋಲ್ಕತ್ತಾದ ಫೈನಲ್‌ನಲ್ಲಿ ಮೋಹನ್ ಬಾಗಾನ್ ಎದುರು ಹೆಚ್ಚುವರಿ ಸಮಯದಲ್ಲಿ 2-1ರಿಂದ ಸೋತಿತು. ಈ ಜರಗೋಜಾ 2018-19ರ ಕಪ್ ಗೆದ್ದ ತಂಡದಲ್ಲಿ ಕ್ವಾಡ್ರಾಟ್‌ಗೆ ಸಹಾಯಕರಾಗಿದ್ದವರು. ಹಿಂದಿನ ವರ್ಷ 10ನೇ ಸ್ಥಾನದಲ್ಲಿ ಮುಗಿಸಿದಾಗಲೂ ಕ್ಲಬ್ ಅವರನ್ನ ಉಳಿಸಿಕೊಂಡಿತ್ತು, ಫಲ ಫೈನಲ್. ಆದರೂ ನಮ್ಮ ವಾಟ್ಸ್ಯಾಪ್ ಗುಂಪುಗಳಲ್ಲಿ ಸಬ್‌ಸ್ಟಿಟ್ಯೂಷನ್ ಬಗ್ಗೆ ವಾರಗಟ್ಟಲೆ ಪೋಸ್ಟ್‌ಮಾರ್ಟಂ. ಜುಲೈಯಲ್ಲಿ ಲೀಗ್ ನಡೆಸೋ ಕಂಪನಿ ಮತ್ತು ಫುಟ್‌ಬಾಲ್ ಫೆಡರೇಷನ್ ನಡುವಿನ ಒಪ್ಪಂದ ನವೀಕರಣ ಆಗದೆ ಮುಂದಿನ ಸೀಸನ್ನೇ ತಡೆಹಿಡಿಯಲಾಯ್ತು. ಆಗಸ್ಟ್ ಮೊದಲ ವಾರ ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳ ಅನಿರ್ದಿಷ್ಟ ಕಾಲ ನಿಲ್ಲಿಸಿರೋದಾಗಿ ಪ್ರಕಟಿಸಿತು. ಅವತ್ತು "ಕೋಚ್ ಬದಲಾಯಿಸಿ" ಅಂತ ಯಾರು ಕೂಗ್ತಾರೆ? ತಂಡ ಇರತ್ತಾ ಅನ್ನೋದೇ ಪ್ರಶ್ನೆ ಆಗಿತ್ತು. ಪುಣೆಯಲ್ಲಿದ್ದು ಬೆಂಗಳೂರು ತಂಡ ಹಿಂಬಾಲಿಸೋರಿಗೆ ಆ ಸುದ್ದಿ ಹೊಸದಾಗಿ ಕೇಳಿಸಲಿಲ್ಲ.

ಹಾಗಾಗಿ ನಾನು ಹೇಳೋದು ನಿರೀಕ್ಷೆ ಕಡಿಮೆ ಮಾಡಿಕೊಳ್ಳಿ ಅಂತಲ್ಲ. ಜಾಸ್ತಿ ಮಾಡಿ, ಆದರೆ ಸರಿಯಾದ ಜಾಗದಲ್ಲಿ ಇಡಿ. ತಂಡ ಸೋತಾಗ ಮೂರು ಪ್ರಶ್ನೆ ಕೇಳೋಣ. ಒಂದು, ಈ ಕೋಚ್‌ನ ಮತ್ತು ಈ ಆಟಗಾರರನ್ನ ಆರಿಸಿದ್ದು ಯಾರು, ಅವರ ಯೋಜನೆ ಎಷ್ಟು ವರ್ಷದ್ದು? ಎರಡು, ಈ ಕೋಚ್ ನಾಳೆ ಹೋದ್ರೆ ನಾಡಿದ್ದು ಆ ಜಾಗಕ್ಕೆ ಯಾರು, ಒಳಗಿಂದ ಯಾರನ್ನಾದ್ರೂ ತಯಾರು ಮಾಡಿದ್ದೀರಾ? ಮೂರು, ಐದು ವರ್ಷ ಆದ ಮೇಲೆ ಈ ಕ್ಲಬ್ ಇದೇ ಊರಲ್ಲಿ ಇರತ್ತಾ, ಅದರ ಯೂತ್ ತಂಡ ಆಡ್ತಿರತ್ತಾ?

ಜರ್ಮನಿಯಲ್ಲಿ ಬಹುತೇಕ ಕ್ಲಬ್ಬುಗಳ ಬಹುಮತದ ಓಟು ಸದಸ್ಯರ ಕೈಯಲ್ಲೇ ಇರಬೇಕು ಅಂತ ನಿಯಮ ಇದೆ, 50+1 ಅಂತಾರೆ. ಅಲ್ಲಿ ಮೂರನೇ ಪ್ರಶ್ನೆ ಕೇಳೋಕೆ ಅಭಿಮಾನಿಗೆ ಸಭೆ ಇದೆ, ಓಟಿದೆ. ನಮಗೆ ಅದಿಲ್ಲ. ನಮ್ಮ ಹತ್ರ ಇರೋದು ಟಿಕೆಟ್, ಜೆರ್ಸಿ ಮತ್ತು ಗಂಟಲು. ಆ ಗಂಟಲನ್ನ ಏಳು ಜನ ಕೋಚ್‌ಗಳ ಮೇಲೆ ಖರ್ಚು ಮಾಡಿದ ಊರಲ್ಲಿ ಇವತ್ತು ಕೂಗೋಕೆ ತಂಡವೇ ಇಲ್ಲ.

ಮುಂದಿನ ಸಲ ಬೆಂಗಳೂರು ಸಾಲಾಗಿ ಮೂರು ಸೋತಾಗ ಬೈಕೊಳ್ಳಿ, ಖಂಡಿತ ಬೈಕೊಳ್ಳಿ, ಅದು ನಮ್ಮ ಹಕ್ಕು. ಬೈದು ಮುಗಿದ ಮೇಲೆ ನಾಲ್ಕನೇ ಮ್ಯಾಚ್ ನೋಡಿ. ಕ್ಲಬ್ ಆ ವಾರ ಹೊಸ ಕೋಚ್ ಫೋಟೋ ಹಾಕಿದ್ರೆ, "ಸ್ವಾಗತ" ಅಂತ ಬರೆಯೋ ಮುಂಚೆ ಈ ಮೂರು ಪ್ರಶ್ನೆ ಬರೀರಿ.